ಹೊಲದ ದುಡಿಮೆ, ಬೋರಿನ ನೀರು, ಬಗ್ಗದ ಬೆನ್ನು

ಶಿವನನ್ನು ಲಿಂಗರೂಪದಲ್ಲೇ ಕಂಡು ಅಭ್ಯಾಸವಾದವರಿಗೆ ಹೇಮಾವತಿಯ ಸಿದ್ಧೇಶ್ವರ ಅಚ್ಚರಿ ಹುಟ್ಟಿಸುತ್ತಾನೆ. ಇಲ್ಲಿ ಆತ ಮನುಷ್ಯರೂಪದಲ್ಲಿ ಕುಳಿತಿದ್ದಾನೆ. ಸುತ್ತಲಿನ ಹಳ್ಳಿಯವರಿಗೆ ಅವನು ಹೆಂಜೇರಪ್ಪ. ನೊಳಂಬ ಅರಸರ ರಾಜಧಾನಿಯಾಗಿದ್ದಾಗ ಊರಿನ ಹೆಸರೂ ಹೆಂಜೇರು ಎಂದೇ ಇತ್ತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರ ಜಿಲ್ಲೆಯೊಡನೆ ಈ ಊರೂ ಅದರ ಪಾಲಾಯಿತು. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯ ಅಮರಾಪುರ ಮಂಡಲದಲ್ಲಿದೆ. ಬೋರ್ಡು ತೆಲುಗಿನದು, ಜಗಲಿ ಮಾತು ಕನ್ನಡದ್ದು. ದೇವರೇನೋ ಸಾವಿರ ವರ್ಷ ಕುಳಿತರೂ ಮಂಡಿ ನೋವು ಎನ್ನುವುದಿಲ್ಲ. ಕೈಮುಗಿಯಲು ಬಂದವರು ಮೆಟ್ಟಿಲು ಹತ್ತುವಾಗ ‘ಅಯ್ಯಪ್ಪಾ’ ಎಂದು ಮಂಡಿ ಹಿಡಿದುಕೊಳ್ಳುತ್ತಾರೆ.

ಮಡಕಶಿರಾ, ರಾಯದುರ್ಗ, ಪಾವಗಡ, ಶಿರಾ ಸೀಮೆಯಲ್ಲಿ ನಲವತ್ತು ದಾಟಿದ ಯಾರ ಮುಂದಾದರೂ ವ್ಯಾಯಾಮದ ಮಾತೆತ್ತಿ ನೋಡಿ. ಉತ್ತರ ಸಿದ್ಧವಾಗಿರುತ್ತದೆ: ‘ನಮಗ್ಯಾಕೆ ಸ್ವಾಮಿ ವಾಕಿಂಗು? ಅದು ಪ್ಯಾಟೆಯೋರಿಗೆ. ನಾವು ಹೊಲದಾಗೆ ದುಡೀತೀವಲ್ಲ.’ ಇದನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಅವರ ಅಪ್ಪ ಅಮ್ಮಂದಿರ ಮಟ್ಟಿಗೆ ಅದು ಅಕ್ಷರಶಃ ನಿಜವಾಗಿತ್ತು. ಕಪಿಲೆ ಹೊಡೆದು ನೀರೆತ್ತಿ, ಎತ್ತಿನ ಹಿಂದೆ ಉತ್ತು, ರಾಗಿ ಕುಯ್ದು, ಕಣದಲ್ಲಿ ಗುಂಡು ಹೊಡೆದು ಒಕ್ಕಣೆ ಮಾಡಿ, ಮೂಟೆ ಹೊತ್ತು, ಸಂತೆಗೆ ನಡೆದು ಹೋಗಿ ಬಂದವರು ಅವರು. ಅವರಿಗೆ ‘ಸ್ವಲ್ಪ ನಡೆಯಿರಿ’ ಎಂದಿದ್ದರೆ ಹೇಳಿದವನ ತಲೆ ನೆಟ್ಟಗಿಲ್ಲ ಎಂದುಕೊಳ್ಳುತ್ತಿದ್ದರು.

ಆದರೆ ಆ ದುಡಿಮೆಯಲ್ಲಿ ಈಗ ಉಳಿದಿರುವುದೆಷ್ಟು? ಉಳುವುದು ಟ್ರ್ಯಾಕ್ಟರು. ನೀರು ಬಿಡಲು ಬೋರಿನ ಹತ್ತಿರಕ್ಕೂ ಹೋಗಬೇಕಿಲ್ಲ, ಮೊಬೈಲಿನಿಂದಲೇ ಮೋಟರು ಚಾಲೂ ಆಗುತ್ತದೆ. ಹನಿ ನೀರಾವರಿ ಬಂದಮೇಲೆ ಸನಿಕೆ ಹಿಡಿದು ಕಾಲುವೆ ತಿರುವುವ ಕೆಲಸವೂ ಹೋಯಿತು. ಅಮರಾಪುರ, ಅಗಳಿ ಸುತ್ತಿನ ಅಡಕೆ ತೋಟದ ಯಜಮಾನ ಮನೆಬಾಗಿಲಲ್ಲಿ ಬೈಕು ಹತ್ತಿ ತೋಟದ ಬಾಗಿಲಲ್ಲಿ ಇಳಿಯುತ್ತಾನೆ. ಮರ ಹತ್ತುವವರು ಕೂಲಿಯವರು. ಹೊಲ ಉಳಿದಿದೆ, ದುಡಿಮೆ ಬೇರೆಯವರಿಗೆ ವರ್ಗವಾಗಿದೆ. ಹೆಚ್ಚಾಗಿ ಹೆಂಗಸರಿಗೆ.

ಇನ್ನೊಂದು ಲೆಕ್ಕವೂ ಇದೆ. ಅನಂತಪುರ ಸೀಮೆಯ ವಾರ್ಷಿಕ ಮಳೆ ಸುಮಾರು 550 ಮಿಲಿಮೀಟರು. ಮಳೆಯಾಧಾರದ ಕಡಲೆಕಾಯಿ ಜೂನ್, ಜುಲೈನಲ್ಲಿ ಬಿತ್ತನೆ, ದೀಪಾವಳಿಯ ಆಸುಪಾಸಿಗೆ ಕಿತ್ತು ಮುಗಿಯುತ್ತದೆ. ಆಮೇಲೆ ನೀರಾವರಿ ಇಲ್ಲದವನಿಗೆ ತಿಂಗಳುಗಟ್ಟಲೆ ಅರಳಿಕಟ್ಟೆಯೇ ಗತಿ. ಮೈಯ ಕಸುವಿನ ಲೆಕ್ಕ ಹಾಗಲ್ಲ. ಸುಗ್ಗಿಯಲ್ಲಿ ಮೈ ಮುರಿದು ದುಡಿದದ್ದನ್ನು ರಾಗಿಯಂತೆ ಹಗೇವಿನಲ್ಲಿ ತುಂಬಿಟ್ಟು ಬೇಸಿಗೆಯಲ್ಲಿ ತೆಗೆದು ಉಣ್ಣಲು ಬರುವುದಿಲ್ಲ. ಕೆಲವೇ ವಾರ ಸುಮ್ಮನಿದ್ದರೂ ಹೃದಯ ಮತ್ತು ಸ್ನಾಯುಗಳು ಗಳಿಸಿದ್ದನ್ನು ಬಿಟ್ಟುಕೊಡಲು ಶುರುಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಸೂಚನೆ ವರ್ಷದ ಲೆಕ್ಕದಲ್ಲಿಲ್ಲ, ವಾರದ ಲೆಕ್ಕದಲ್ಲಿದೆ: ವಾರಕ್ಕೆ 150ರಿಂದ 300 ನಿಮಿಷ ಉಸಿರು ತುಸು ಏರುವಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ, 65 ದಾಟಿದವರಿಗೆ ಮೂರು ದಿನ ಸಮತೋಲದ ಅಭ್ಯಾಸ.

ಕುಳಿತು ಮಾಡುವ ಕೆಲಸಕ್ಕೂ ನಡೆದಾಡುವ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಸರಿಯಾಗಿ ಅಳೆದವನು ಲಂಡನ್ನಿನ ಜೆರೆಮಿ ಮಾರಿಸ್. 1953ರಲ್ಲಿ ಅವನು ಡಬಲ್ ಡೆಕರ್ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದ. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಹಾಗಾದರೆ ದುಡಿಮೆಯೇ ವ್ಯಾಯಾಮವಾಯಿತಲ್ಲ ಎನ್ನಬಹುದು. ಇಲ್ಲಿ ಒಂದು ತೊಡಕಿದೆ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಹಲವು ದೇಶಗಳ ಸುಮಾರು 1.9 ಲಕ್ಷ ದುಡಿಯುವವರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿತು. ಭಾರೀ ಮೈಕೆಲಸದ ಗಂಡಸರಲ್ಲಿ ಅಕಾಲ ಸಾವಿನ ಸಾಧ್ಯತೆ ಶೇ 18ರಷ್ಟು ಹೆಚ್ಚೇ ಕಂಡಿತು. ಬಡತನ, ಬೀಡಿ, ಊಟದ ಕೊರತೆಗಳ ಪಾಲು ಇದರಲ್ಲಿ ಎಷ್ಟು ಎಂಬ ತಕರಾರು ಇನ್ನೂ ನಡೆದಿದೆ. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ವ್ಯಾಯಾಮ ಮಾಡುವವನು ದಣಿದಾಗ ನಿಲ್ಲಿಸುತ್ತಾನೆ. ಕೂಲಿಯಾಳು ಮೇಸ್ತ್ರಿ ಹೇಳಿದಾಗ ನಿಲ್ಲಿಸುತ್ತಾಳೆ. ಬೆಳಿಗ್ಗೆಯಿಂದ ಸಂಜೆವರೆಗೆ ಸೊಂಟ ಬಗ್ಗಿಸಿ ಕಳೆ ಕೀಳುವವಳ ಹೃದಯಕ್ಕೆ ಏರಿಳಿತದ ಕೆಲಸ ಸಿಗುವುದಿಲ್ಲ. ಮಂಡಿ, ಸೊಂಟಗಳು ಮಾತ್ರ ಸವೆಯುತ್ತವೆ. ಅವಳಿಗೆ ವಾಕಿಂಗ್ ಹೇಳುವುದು ಕ್ರೂರ ಹಾಸ್ಯ. ಅವಳಿಗೆ ಬೇಕಾದದ್ದು ತಾಸಿಗೊಮ್ಮೆ ನೆಟ್ಟಗೆ ನಿಂತು ಸೊಂಟ ಹಿಂದಕ್ಕೆ ಬಾಗಿಸುವ ಎರಡು ನಿಮಿಷ, ನೆರಳು, ನೀರು, ರಾತ್ರಿ ನಿದ್ದೆ.

ನಿದ್ದೆಯ ಮಾತು ಬಂದಾಗ ರೇಷ್ಮೆ ಮನೆಗಳ ನೆನಪಾಗುತ್ತದೆ. ಹಿಂದೂಪುರದ ಗೂಡಿನ ಮಾರುಕಟ್ಟೆಯನ್ನು ನಂಬಿ ಮಡಕಶಿರಾ ಕಡೆ ಹುಳು ಸಾಕುವವರು ಬಹಳ. ಹುಳು ತನ್ನ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಹೆಚ್ಚಿನ ಪಾಲನ್ನು ಕೊನೆಯ ವಾರದಲ್ಲೇ ತಿಂದು ಮುಗಿಸುತ್ತದೆ. ಆ ವಾರ ಮನೆಮಂದಿಗೆ ರಾತ್ರಿ ಎಂಬುದಿಲ್ಲ. ಬೆಳೆ ಬೆಳೆಗೂ ಇದೇ ಪಾಡು. ನಡುವಯಸ್ಸಿನವರಿಗೆ ಏಳು ತಾಸು ನಿದ್ದೆ ಬೇಕು, ಅದು ಕೆಟ್ಟರೆ ರಕ್ತದೊತ್ತಡವೂ ಸಕ್ಕರೆಯೂ ಏರುತ್ತವೆ ಎಂದು ವೈದ್ಯರು ಹೇಳುತ್ತಾರೆ. ಹುಳುವಿಗೆ ಹೇಳುವವರಾರು? ಗೂಡು ಮಾರಿ ಬಂದ ಮೇಲಿನ ಬಿಡುವಿನ ದಿನಗಳಲ್ಲಾದರೂ ಟಿವಿ, ಮೊಬೈಲು ಆರಿಸಿ ಬೇಗ ಮಲಗುವುದು ಮನೆಯವರ ಕೈಯಲ್ಲೇ ಇದೆ.

ರಾಯದುರ್ಗದ ಕಥೆ ಇದಕ್ಕೆ ತಿರುವುಮುರುವು. ಬಳ್ಳಾರಿಯಂತೆ ಅಲ್ಲೂ ಜೀನ್ಸ್ ಹೊಲಿಗೆಯೇ ಸಾವಿರಾರು ಜನರ ಅನ್ನ. ಹೊಲ ಬಿಟ್ಟು ಮಷಿನ್ನಿನ ಮುಂದೆ ಕೂತ ಮೊದಲ ತಲೆಮಾರು ಅದು. ದಪ್ಪ ಬಟ್ಟೆ, ಬಗ್ಗಿದ ಕತ್ತು, ಪೀಸಿನ ಲೆಕ್ಕದ ಕೂಲಿ. ಎದ್ದರೆ ಕಾಸು ಹೋಗುತ್ತದೆ, ಅದಕ್ಕೇ ಯಾರೂ ಏಳುವುದಿಲ್ಲ. ಊಟವಾದ ಮೇಲೆ ಎರಡರಿಂದ ಐದು ನಿಮಿಷ ಸುಮ್ಮನೆ ಅಡ್ಡಾಡಿದರೂ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆ ಎಂಬುದು ಈಚಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಷ್ಟು ಹೊತ್ತಿಗೆ ಎಷ್ಟು ಪೀಸು ತಪ್ಪೀತು?

ಸಂಖ್ಯೆಗಳು ಹಳ್ಳಿಯನ್ನೂ ಬಿಟ್ಟಿಲ್ಲ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಹೊಸ್ತಿಲಲ್ಲಿ ನಿಂತವರು ಮತ್ತೆ 13.6 ಕೋಟಿ. ವಯಸ್ಕರಲ್ಲಿ ಶೇ 35.5 ಮಂದಿಗೆ ಬಿಪಿ. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಾಕಷ್ಟು ಮೈ ಆಡಿಸುವುದಿಲ್ಲ ಎಂದು 2024ರಲ್ಲಿ ಪ್ರಕಟವಾದ ಇನ್ನೊಂದು ಅಂದಾಜು ಹೇಳಿತು. ‘ಶುಗರ್ ಪ್ಯಾಟೆ ಕಾಯಿಲೆ’ ಎಂಬ ಮಾತಿಗೆ ಈಗ ಆಧಾರವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ‘ಹಾಗಾದರೆ ನಾಳೆಯಿಂದ ನಡೆಯಿರಿ’ ಎಂದು ಲೇಖನ ಮುಗಿಸಬಹುದಿತ್ತು. ಬೆಂಗಳೂರಿನ ಓದುಗರಿಗಾದರೆ ಅಷ್ಟು ಸಾಕು. ಹೇಮಾವತಿಯ ಸೀಮೆಗೆ ಸಾಲದು. ಇಲ್ಲಿ ಮಂಡಿ, ಬೆನ್ನು, ಕತ್ತು ಬಿಗಿಯುವುದಕ್ಕೆ ವಯಸ್ಸು, ದುಡಿಮೆ, ಸೋಮಾರಿತನಗಳ ಜೊತೆಗೆ ನಾಲ್ಕನೆಯ ಕಾರಣವೊಂದಿದೆ. ಅದು ಕುಡಿಯುವ ಬಿಂದಿಗೆಯಲ್ಲಿದೆ.

ಈ ಸೀಮೆಯ ಅಡಿಗಲ್ಲು ಗ್ರಾನೈಟು, ನೈಸು. ಅದರಲ್ಲಿರುವ ಫ್ಲೋರೈಡ್ ನೀರಿಗೆ ಕರಗಿ ಬರುತ್ತದೆ. ಬೋರು ಆಳಕ್ಕೆ ಇಳಿದಷ್ಟೂ ನೀರು ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತದ್ದಾಗಿರುತ್ತದೆ. ಭಾರತೀಯ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಯಲ್ಲಿ ಫ್ಲೋರೈಡ್ ಕೂರುತ್ತದೆ, ಕೀಲಿನ ಸುತ್ತಲ ನಾರುಗಳು ಗಡಸಾಗುತ್ತವೆ. ಭಾರತದಲ್ಲಿ ಫ್ಲೋರೋಸಿಸ್ ಎಂಬ ಈ ರೋಗವನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಅನಂತಪುರವೂ ಪಾವಗಡವೂ ಆಮೇಲೆ ಆ ಪಟ್ಟಿಗೆ ಸೇರಿದವು. 1995-96ರಲ್ಲಿ ಸತ್ಯಸಾಯಿ ಟ್ರಸ್ಟಿನ ಕುಡಿಯುವ ನೀರಿನ ಯೋಜನೆ ಅನಂತಪುರದ ನೂರಾರು ಹಳ್ಳಿಗಳಿಗೆ ಕೊಳವೆ ಹಾಕಿದ್ದಕ್ಕೆ ನೀರಿನ ಕೊರತೆಯಷ್ಟೇ ಅಲ್ಲ, ಈ ಫ್ಲೋರೈಡೂ ಕಾರಣ. ಮಕ್ಕಳ ಹಲ್ಲಿನ ಕಂದು ಪಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮದುವೆ ಮಾತುಕತೆಯಲ್ಲೂ ಅದರ ಸುದ್ದಿ ಬರುತ್ತದೆ. ದೊಡ್ಡವರ ಮೂಳೆಯೊಳಗಿನದು ಕಾಣದು. ‘ವಯಸ್ಸಾಯ್ತು, ವಾಯು’ ಎಂದು ಅದನ್ನು ಮರೆಯುತ್ತೇವೆ.

ಫ್ಲೋರೋಸಿಸ್ ತಡೆಯಲು 2008-09ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರೋಗ್ಯ ಕಾರ್ಯಕರ್ತರು ಮಾಡಿಸುವ ಮೂರು ಸರಳ ಪರೀಕ್ಷೆಗಳಿವೆ. ಕಾಸಿನ ಖರ್ಚಿಲ್ಲ, ಕಾಸೊಂದು ಮಾತ್ರ ಬೇಕು. ಮೊದಲನೆಯದು, ನೆಲದ ಮೇಲೊಂದು ನಾಣ್ಯ ಇಟ್ಟು ಮಂಡಿ ಮಡಚದೆ ಬಗ್ಗಿ ಎತ್ತಿಕೊಳ್ಳುವುದು. ಎರಡನೆಯದು, ಗದ್ದವನ್ನು ಎದೆಗೆ ತಾಗಿಸುವುದು. ಮೂರನೆಯದು, ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ಮೊಣಕೈ ಮಡಚಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದರೆ, ಆದರೂ ನೋವೆನಿಸಿದರೆ, ಫ್ಲೋರೋಸಿಸ್ಸೇ ಎಂದು ತೀರ್ಮಾನಿಸಬೇಕಿಲ್ಲ. ಸಂಧಿವಾತವಿರಬಹುದು, ಬೊಜ್ಜಿರಬಹುದು, ವರ್ಷಾನುಗಟ್ಟಲೆ ಬಗ್ಗದೇ ಇದ್ದದ್ದಿರಬಹುದು. ಆದರೆ ಒಂದೇ ಬೋರಿನ ನೀರು ಕುಡಿಯುವ ಒಂದು ಮನೆಯಲ್ಲಿ, ಒಂದು ಬೀದಿಯಲ್ಲಿ ಹಲವರಿಗೆ ಆಗದಿದ್ದರೆ ವ್ಯಾಯಾಮದ ಚಾಪೆ ಹಾಸುವ ಮೊದಲು ನೀರಿನತ್ತ ನೋಡಬೇಕು.

ಪಟ್ಟಣದಲ್ಲಿ ಕಲಿತ ಆರೋಗ್ಯದ ಬುದ್ಧಿ ಇಲ್ಲಿ ಹಲವು ಕಡೆ ತಪ್ಪುತ್ತದೆ. ನೀರು ಕುದಿಸಿ ಕುಡಿಯಿರಿ ಎನ್ನುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವೇ ಆಗುತ್ತದೆ. ಹೆಚ್ಚು ನೀರು ಕುಡಿಯಿರಿ ಎನ್ನುತ್ತಾರೆ. ಬಿಸಿಲಲ್ಲಿ ದುಡಿಯುವವನು ಕುಡಿಯಲೇಬೇಕು, ಅದಕ್ಕಾಗಿಯೇ ಅವನಿಗೆ ಒಳ್ಳೆಯ ನೀರು ಊರಿನ ಉಳಿದವರಿಗಿಂತ ಹೆಚ್ಚು ಬೇಕು. ಹೊಲಕ್ಕೆ ಹೋಗುವಾಗ ಮನೆಯ ಶುದ್ಧ ನೀರು ಬಿಟ್ಟು ಮೋಟರಿನ ಬಾಯಿಗೆ ಕೈಯೊಡ್ಡಿ ಕುಡಿಯುವ ಅಭ್ಯಾಸ ನಿಲ್ಲಬೇಕು. ಚಹಾ ಎಲೆಯಲ್ಲೂ ಫ್ಲೋರೈಡ್ ಧಾರಾಳವಾಗಿದೆ. ದಿನಕ್ಕೆ ಏಳೆಂಟು ಲೋಟ ಚಹಾ ಕುಡಿಯುವ ಕಟ್ಟೆಯ ಗೆಳೆಯರು ಇದನ್ನು ಗಮನಿಸಬೇಕು. ಊರಿನ ಶುದ್ಧ ನೀರಿನ ಘಟಕ ಫ್ಲೋರೈಡನ್ನು ತೆಗೆಯುತ್ತದೆ. ಆದರೆ ಅದರ ಸೋಸುವ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಕುಡಿಯುವುದಕ್ಕಷ್ಟೇ ಆ ನೀರು ಬಳಸಿ ಮುದ್ದೆಗೆ, ಸಾರಿಗೆ ಬೋರಿನ ನೀರನ್ನೇ ಇಟ್ಟರೆ ಅರ್ಧ ಕೆಲಸವಾದಂತೆ.

ಒಮ್ಮೆ ಮೂಳೆಗೆ ಇಳಿದ ಫ್ಲೋರೋಸಿಸ್ಸನ್ನು ವಾಸಿಮಾಡುವ ಔಷಧಿಯಿಲ್ಲ. ತಡೆಯುವುದೊಂದೇ ದಾರಿ. ತಡೆಯಲ್ಲಿ ಊಟದ ಪಾಲೂ ಇದೆ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಕರುಳಿನಲ್ಲಿ ಫ್ಲೋರೈಡ್ ಹೀರುವುದು ಕಡಿಮೆ. ಇಲ್ಲಿ ರಾಗಿಯ ಮಾತು ಬರಲೇಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ. ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಮ್ಮಿ. ಅದೇ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಇನ್ನೊಂದು ಸಣ್ಣ ಅಧ್ಯಯನದಲ್ಲಿ, ದಿನಕ್ಕೆ 10 ಗ್ರಾಂ ಹುಣಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಬಿತ್ತು. ಹದಿನೆಂಟೇ ಹುಡುಗರ ಪ್ರಯೋಗವಾದ್ದರಿಂದ ಇದನ್ನು ಚಿಕಿತ್ಸೆ ಎಂದು ಸಾರಬಾರದು. ಆದರೆ ಹಿಂದೂಪುರದ ಹುಣಸೆಹಣ್ಣಿನ ಮಂಡಿಯ ಪಕ್ಕದಲ್ಲೇ ಇರುವ ನಮಗೆ, ಹುರುಳಿ ಕಟ್ಟಿನ ಹುಳಿಸಾರು ಬಿಡದಿರಲು ಇನ್ನೊಂದು ನೆಪ ಸಿಕ್ಕಿತಷ್ಟೆ.

ಈ ರಾಗಿಯ ಸೀಮೆ ಅಕ್ಕಿಗೆ ತಿರುಗಿದ್ದರಲ್ಲಿ ರಾಜಕೀಯವೂ ಇದೆ. 1983ರಲ್ಲಿ ಎನ್‌.ಟಿ. ರಾಮರಾವ್ ಮುಖ್ಯಮಂತ್ರಿಯಾಗಿ ಕಿಲೋಗೆ ಎರಡು ರೂಪಾಯಿ ಅಕ್ಕಿ ಕೊಟ್ಟರು. ಮುಂದೆ ಅವರು ಗೆದ್ದು ಬಂದ ಹಿಂದೂಪುರ ಇಲ್ಲಿಗೆ ದೂರವೇನಲ್ಲ. ಹಸಿವಿನ ಕಾಲಕ್ಕೆ ಅದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಜೊತೆಗೇ ಹಬ್ಬದ ಅನ್ನ ದಿನದ ಅನ್ನವಾಯಿತು, ಸಾಮೆ, ಆರಕ, ನವಣೆ ಹೊಲದಿಂದಲೇ ಹೋದವು. ಅವೇ ಧಾನ್ಯಗಳು 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಹೊತ್ತಿಗೆ ಬಣ್ಣದ ಪ್ಯಾಕೆಟ್ಟಿನಲ್ಲಿ, ಅಕ್ಕಿಯ ಎರಡು ಮೂರು ಪಟ್ಟು ಬೆಲೆಗೆ ಮರಳಿ ಬಂದಿವೆ!

ಆದರೆ ಮುದ್ದೆ ಉಂಡರೆ ಶುಗರ್ ಬಾರದು ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿ, ಬೇಯಿಸಿ, ಅಗಿಯದೇ ನುಂಗುವ ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಕಪಿಲೆ ಹೊಡೆಯುವವನಿಗಾಗಿ ಕಟ್ಟಿದ ಗಾತ್ರದ ಮುದ್ದೆಯನ್ನು ಬೈಕಿನವನು ಉಣ್ಣುತ್ತಿರುವುದೇ ಇಲ್ಲಿನ ತೊಡಕು. ಮುದ್ದೆ ಚಿಕ್ಕದಾಗಲಿ, ಪಕ್ಕದ ಸೊಪ್ಪು, ಹುರುಳಿ, ಅವರೆ ದೊಡ್ಡದಾಗಲಿ. ಉಪ್ಪು ದಿನಕ್ಕೆ ಐದು ಗ್ರಾಂ ದಾಟಬಾರದು ಎಂಬುದು ವೈದ್ಯರ ಮಿತಿ. ಉಪ್ಪಿನಕಾಯಿ, ಖಾರದ ಮಿಕ್ಸ್ಚರು ಸೇರಿದರೆ ನಮ್ಮ ತಟ್ಟೆ ಅದನ್ನು ಸುಲಭವಾಗಿ ದಾಟುತ್ತದೆ. ಬೆಳೆದವರಿಗೆ ಬೇಸರವಾಗಬಹುದು, ಆದರೂ ಅಡಕೆ ವಿಷಯ ಹೇಳಲೇಬೇಕು. ತಂಬಾಕಿಲ್ಲದ ಬರೀ ಅಡಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ನಿರ್ಧರಿಸಿದೆ.

ನೋವಿಗೆ ಈ ಸೀಮೆಯ ತಕ್ಷಣದ ಮದ್ದು ಸೂಜಿ. ‘ಎರಡು ಸೂಜಿ ಹಾಕಿಸ್ಕೊಂಡ್ ಬತ್ತೀನಿ’ ಎಂದು ಹಳ್ಳಿಯ ಆರ್‌ಎಂಪಿ ಡಾಕ್ಟರ ಬಳಿ ಹೋಗುತ್ತಾರೆ, ಸಂಜೆಗೆ ನೋವು ಮಾಯ. ಅದು ನೋವುಗೊಲ್ಲಿಯೋ ಸ್ಟಿರಾಯ್ಡೋ ಕೇಳುವವರಿಲ್ಲ. ನೋವುಗೊಲ್ಲಿಗಳನ್ನು ತಿಂಗಳುಗಟ್ಟಲೆ ತಗೊಂಡರೆ ಹೊಟ್ಟೆಯಲ್ಲಿ ಹುಣ್ಣು, ಬಿಪಿ ಏರಿಕೆ, ಕಡೆಗೆ ಮೂತ್ರಪಿಂಡಕ್ಕೆ ಹಾನಿ. ಬಿಪಿ, ಶುಗರ್ ಇದ್ದವರಿಗಂತೂ ಇದು ಅಪಾಯದ ಕೂಟ. ಮಂಡಿ ಸವೆತಕ್ಕೆ ಜಗತ್ತಿನೆಲ್ಲೆಡೆ ವೈದ್ಯರು ಮೊದಲು ಹೇಳುವುದು ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು. ಜಗಲಿಯ ಅಂಚಿನಲ್ಲಿ ಕುಳಿತು ಕೈಯೂರದೆ ಹತ್ತು ಬಾರಿ ಏಳುವುದು. ಅಲ್ಲೇ ಕುಳಿತು ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ ಹಿಡಿಯುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಜಿಮ್ಮು ಬೇಡ, ಶೂ ಬೇಡ. ವಾರಕ್ಕೆ ಎರಡು ಮೂರು ದಿನ ಮಾಡಿದರೆ ಕೆಲವು ವಾರಗಳಲ್ಲೇ ಮೆಟ್ಟಿಲು ಹತ್ತುವಾಗ ವ್ಯತ್ಯಾಸ ತಿಳಿಯುತ್ತದೆ.

ಯೋಗವೂ ಆದೀತು. ಅದನ್ನು ಟಿವಿಯಿಂದ ಬಂದ ಹೊಸ ಫ್ಯಾಷನ್ ಎಂದು ಇಲ್ಲಿನವರು ದೂರ ಇಡುವುದನ್ನು ಕಂಡಾಗ ನಗು ಬರುತ್ತದೆ. ಇಂದಿನ ಯೋಗಾಸನಗಳನ್ನು ಜಗತ್ತಿಗೆ ಹರಡಿದ ಪರಂಪರೆಯ ಗುರು ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಪಕ್ಕದ ಚಿತ್ರದುರ್ಗ ಸೀಮೆಯಲ್ಲಿ. ಮೈಸೂರು ಅರಮನೆಯ ಆಶ್ರಯದಲ್ಲಿ ಕಲಿಸುತ್ತ ಅವರು 1934ರಲ್ಲಿ ಬರೆದ ‘ಯೋಗ ಮಕರಂದ’ ಕನ್ನಡ ಪುಸ್ತಕ. ಅವರ ಶಿಷ್ಯ ಬಿ.ಕೆ.ಎಸ್‌. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು.

ನಡಿಗೆಯ ವಿಷಯದಲ್ಲೂ ಒಂದು ಭ್ರಮೆ ಕಳಚಬೇಕು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ವೈದ್ಯರ ಲೆಕ್ಕವಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಹೆಜ್ಜೆ ಎಣಿಸುವ ಯಂತ್ರ ಮಾರಲು ಜಪಾನಿನ ಕಂಪನಿಯೊಂದು ಹುಟ್ಟುಹಾಕಿದ ಅಂಕಿ ಅದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ 4,400 ಹೆಜ್ಜೆಗೇ ಗಮನಾರ್ಹ ಲಾಭ ಕಂಡಿತು, 7,500ರ ಆಚೆಗೆ ಹೆಚ್ಚೇನೂ ಕಾಣಲಿಲ್ಲ. ಬೈಕನ್ನು ಮನೆಯಲ್ಲೇ ಬಿಟ್ಟು ತೋಟಕ್ಕೊಮ್ಮೆ, ಹಾಲಿನ ಡೈರಿಗೊಮ್ಮೆ ನಡೆದರೆ ಬಹುಪಾಲು ಅಲ್ಲೇ ಮುಗಿಯುತ್ತದೆ. ಮಾರ್ಚಿನಿಂದ ಮೇವರೆಗೆ ಮಾತ್ರ ಬೆಳಿಗ್ಗೆ ಎಂಟರೊಳಗೆ ನಡೆಯಬೇಕು. ಇಲ್ಲಿನ ಬಿಸಿಲಿಗೆ ಶಿಸ್ತಿನ ಹಂಗಿಲ್ಲ.

ಇಷ್ಟು ಓದಿದವರಲ್ಲಿ ನನ್ನದೊಂದು ಕೋರಿಕೆ. ಪ್ರೋಟೀನ್ ಪುಡಿ, ಕೈಗಡಿಯಾರ, ಮಂಡಿ ಪಟ್ಟಿ ಯಾವುದನ್ನೂ ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿಸಿ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಗಡಿಯ ಎರಡೂ ಕಡೆಯ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೆ, ಬಿಪಿ 140/90 ದಾಟಿದರೆ ಇನ್ನೊಮ್ಮೆ ನೋಡಿಸಿ ವೈದ್ಯರ ಮಾತು ಕೇಳಿ. ಎರಡನೆಯದು ನೀರಿನದು. ನಿಮ್ಮ ಬೋರಿನ ನೀರನ್ನು ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಗ್ರಾಮೀಣ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯಕ್ಕೆ ಕೊಟ್ಟು, ಫ್ಲೋರೈಡ್ ಎಷ್ಟಿದೆ ಎಂದು ಬರೆಸಿಕೊಳ್ಳಿ. ಪಕ್ಕದ ಮನೆಯವರ ಲೆಕ್ಕ ನಿಮಗೆ ಆಗುವುದಿಲ್ಲ, ಒಂದೇ ಊರಿನ ಎರಡು ಬೋರುಗಳಲ್ಲೂ ಫ್ಲೋರೈಡ್ ಬೇರೆ ಬೇರೆ ಇರಬಹುದು. ಅಂಕಿ 1.5 ದಾಟಿದ್ದರೆ ಆ ನೀರು ಅಡಕೆ ಗಿಡಕ್ಕಿರಲಿ, ಅಡುಗೆಮನೆಗೆ ಬೇಡ.